ತರಗೆಲೆಯಡಿಯ ದುಂಬಿಗೆ ಹೆಸರಿಡುವ ಕೆಲಸ

ಕಾಡಿನ ನೆಲದಿಂದ ಒಂದು ಬೊಗಸೆ ತರಗೆಲೆಯನ್ನು ಎತ್ತಿ ಬಿಳಿ ಬಟ್ಟೆಯ ಮೇಲೆ ಜರಡಿ ಹಿಡಿದರೆ ಮೊದಲು ಕಾಣುವುದು ಮಣ್ಣಿನ ಪುಡಿ. ಕಣ್ಣು ನೆಟ್ಟು ಕುಳಿತರೆ ಆ ಪುಡಿಯ ಕೆಲವು ಕಣಗಳು ಮೆಲ್ಲನೆ ನಡೆಯತೊಡಗುತ್ತವೆ. ಅವುಗಳಲ್ಲಿ ಹಲವು ದುಂಬಿಗಳು: ಒಂದೆರಡು ಮಿಲಿಮೀಟರ್ ಉದ್ದದ, ಕಂದು ಬಣ್ಣದ, ಬರಿಗಣ್ಣಿಗೆ ಎಲ್ಲವೂ ಒಂದೇ ಎನ್ನಿಸುವ ಜೀವಿಗಳು.

ಇವನ್ನು ಕೈಯಿಂದ ಆಯುವುದು ಕಷ್ಟ. ಇಟಲಿಯ ಕೀಟವಿಜ್ಞಾನಿ ಆಂಟೋನಿಯೊ ಬರ್ಲೇಸೆ 1905ರಲ್ಲಿ ರೂಪಿಸಿದ ಆಲಿಕೆಯ ಉಪಾಯವೇ ಸ್ವಲ್ಪ ಬದಲಾಗಿ ಇಂದಿಗೂ ಬಳಕೆಯಲ್ಲಿದೆ. ಆಲಿಕೆಯೊಳಗಿನ ಜಾಲರಿಯ ಮೇಲೆ ತರಗೆಲೆ ಹರಡಿ ಮೇಲಿನಿಂದ ಬಲ್ಬಿನ ಶಾಖ ಕೊಟ್ಟರೆ, ಎಲೆಯ ಪದರ ಒಣಗಿದಂತೆಲ್ಲ ಹುಳುಗಳು ತೇವವನ್ನು ಅರಸಿ ಕೆಳಗಿಳಿಯುತ್ತವೆ, ಕೊನೆಗೆ ಆಲಿಕೆಯ ತುದಿಯಲ್ಲಿಟ್ಟ ಆಲ್ಕೊಹಾಲಿನ ಶೀಶೆಗೆ ಬೀಳುತ್ತವೆ.

ಹೊಸ ಪ್ರಭೇದವೊಂದು ಕಾಡಿನಲ್ಲಿ ಪತ್ತೆಯಾಯಿತು ಎಂದು ಸುದ್ದಿಯಾಗುವುದುಂಟು. ಕಾಡಿನಲ್ಲಿ ಸಿಗುವುದು ಬರೀ ದುಂಬಿ; ಅದು ಹೊಸದೆಂದು ತಿಳಿಯುವುದು ಅದೇ ಕುಲದಲ್ಲಿ ಈಗಾಗಲೇ ಹೆಸರು ಪಡೆದ ಎಲ್ಲವುಗಳೊಡನೆ ಅದನ್ನು ಹೋಲಿಸಿದ ಮೇಲೆ, ಮೇಜಿನ ಮುಂದೆ. ಹಳೆಯ ವರ್ಣನೆಗಳನ್ನು ಓದಿದರೆ ಸಾಲದು. ನೂರು ವರ್ಷದ ಹಿಂದಿನ ವರ್ಣನೆ ಬಹಳ ಸಲ ಎರಡೇ ಸಾಲಿನದ್ದಾಗಿದ್ದು, ಹತ್ತು ಪ್ರಭೇದಗಳಿಗೆ ಒಪ್ಪುವಂತಿರುತ್ತದೆ. ಆಗ ಯಾವುದೋ ದೂರದ ಸಂಗ್ರಹಾಲಯದಲ್ಲಿರುವ ಮೂಲ ಮಾದರಿಯನ್ನೇ ನೋಡಬೇಕಾಗುತ್ತದೆ.

ಹೋಲಿಕೆಯ ಬಹುಪಾಲು ಭಾರ ಬೀಳುವುದು ಗಂಡಿನ ಜನನಾಂಗದ ಮೇಲೆ. ಕುಡಿಮೀಸೆಯ ಗಂಟುಗಳು, ಮೇಲ್ರೆಕ್ಕೆಯ ಚುಕ್ಕಿಗಳು ಎರಡು ಪ್ರಭೇದಗಳಲ್ಲಿ ಪೂರ್ತಿ ಒಂದೇ ಆಗಿದ್ದರೂ ಈ ಅಂಗದ ಆಕಾರ ಬೇರೆಯಾಗಿರುವುದು ಸಾಮಾನ್ಯ. ಅದನ್ನು ನೋಡಲು ದುಂಬಿಯ ಹೊಟ್ಟೆಯ ಭಾಗವನ್ನು ಕೂದಲಿನಷ್ಟು ತೆಳುವಾದ ಸೂಜಿಯಿಂದ ಬಿಡಿಸಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಇಡುತ್ತಾರೆ. ಸ್ನಾಯು, ಕೊಬ್ಬು ಕರಗಿ ಗಟ್ಟಿಯಾದ ಚಿಪ್ಪಿನ ಭಾಗ ಮಾತ್ರ ಉಳಿಯುತ್ತದೆ. ಅದನ್ನು ತೊಳೆದು, ಗ್ಲಿಸರಿನ್ ಹನಿಯಲ್ಲಿ ಹೊರಳಿಸುತ್ತ, ಸೂಕ್ಷ್ಮದರ್ಶಕದಡಿ ಪಕ್ಕದಿಂದಲೂ ಮೇಲಿನಿಂದಲೂ ಚಿತ್ರಿಸುತ್ತಾರೆ. ಈ ಹೊತ್ತಿನಲ್ಲಿ ಸೀನು ಬಂದರೆ ಒಂದು ಪ್ರಭೇದವೇ ಹಾರಿಹೋದೀತು! ಕೆಲಸ ಮುಗಿದ ಮೇಲೆ ದುಂಬಿಯನ್ನು ತ್ರಿಕೋನಾಕಾರದ ರಟ್ಟಿನ ತುದಿಗೆ ಅಂಟಿಸಿ, ಬಿಡಿಸಿದ ಅಂಗವನ್ನೂ ಸ್ಥಳ, ದಿನಾಂಕಗಳ ಚೀಟಿಯನ್ನೂ ಅದೇ ಗುಂಡುಸೂಜಿಗೆ ಪೋಣಿಸುತ್ತಾರೆ. ಚೀಟಿ ಕಳೆದರೆ ದುಂಬಿಯ ಬೆಲೆಯೂ ಹೋದಂತೆ.

ನೆಲದ ದುಂಬಿಗಳಲ್ಲಿ ಅನೇಕವು ಹಾರುವ ರೆಕ್ಕೆಯನ್ನು ಕಳೆದುಕೊಂಡಿರುವುದರಿಂದ ಒಂದು ಬೆಟ್ಟದ ಗುಂಪು ಪಕ್ಕದ ಬೆಟ್ಟದ ಗುಂಪಿನೊಡನೆ ಬೆರೆಯದೆ ಬೇರೆಯೇ ಪ್ರಭೇದವಾಗುತ್ತದೆ. 2013ರಲ್ಲಿ ನ್ಯೂಗಿನಿಯಿಂದ ಟ್ರಿಗೊನಾಪ್ಟೆರಸ್ ಎಂಬ ರೆಕ್ಕೆಯಿಲ್ಲದ ಸೊಂಡಿಲುಹುಳುಗಳ 101 ಪ್ರಭೇದಗಳನ್ನು ಒಂದೇ ಪ್ರಬಂಧದಲ್ಲಿ ವರ್ಣಿಸಿದಾಗ ಡಿಎನ್‌ಎ ಹೋಲಿಕೆಯ ನೆರವು ಪಡೆಯಲಾಯಿತು. ಅಷ್ಟೊಂದು ಹೆಸರು ಎಲ್ಲಿಂದ ತರುವುದು? ಕೆಲವನ್ನು ಅಲ್ಲಿನ ಟೆಲಿಫೋನ್ ಡೈರೆಕ್ಟರಿಯಿಂದ ಆರಿಸಿದರು.

ಹೆಸರು ಊರ್ಜಿತವಾಗಲು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮಗಳಂತೆ ವರ್ಣನೆ ಪ್ರಕಟವಾಗಬೇಕು, ಹೆಸರನ್ನು ಹೊರುವ ಮಾದರಿಯನ್ನು ಗುರುತಿಸಬೇಕು. ಹೋಲೊಟೈಪ್ ಎನ್ನುವ ಆ ಒಂದು ದುಂಬಿಗೆ ಸಾಮಾನ್ಯವಾಗಿ ಕೆಂಪು ಚೀಟಿ ಹಚ್ಚುತ್ತಾರೆ. ಇದಕ್ಕೆ ಹಿಡಿಯುವ ಕಾಲ ಸಣ್ಣದಲ್ಲ: ಸಂಗ್ರಹಕ್ಕೂ ವರ್ಣನೆಗೂ ನಡುವೆ ಸರಾಸರಿ 21 ವರ್ಷ ಕಳೆಯುತ್ತದೆಂದು 2012ರ ಅಧ್ಯಯನವೊಂದು ಲೆಕ್ಕಹಾಕಿತು. ಕೀನ್ಯಾದಲ್ಲಿ 1960ರ ದಶಕದಲ್ಲಿ ಸಂಗ್ರಹಿಸಿ ಲಂಡನ್ನಿನ ಸಂಗ್ರಹಾಲಯದಲ್ಲಿ ಇರಿಸಿದ್ದ, ಕಣ್ಣೂ ರೆಕ್ಕೆಯೂ ಇಲ್ಲದ, 0.79 ಮಿಲಿಮೀಟರಿನ ದುಂಬಿಗೆ ಹವಾಮಾನ ಹೋರಾಟಗಾರ್ತಿ ಗ್ರೇಟಾ ಥುನ್‌ಬರ್ಗ್ ಗೌರವಾರ್ಥ ನೆಲ್ಲೊಪ್ಟೋಡಿಸ್ ಗ್ರೇಟೇ ಎಂಬ ಹೆಸರು ಸಿಕ್ಕಿದ್ದು 2019ರಲ್ಲಿ.

ಅಷ್ಟಾದರೂ ಅದೇ ಜರಡಿಯಿಂದ ಬಂದ ಹೆಣ್ಣುಗಳಲ್ಲಿ ಕೆಲವು ಉಳಿದುಬಿಡುತ್ತವೆ. ಜೊತೆಗೆ ಗಂಡು ಸಿಗದ ಹೆಣ್ಣು ಯಾವ ಪ್ರಭೇದದ್ದೆಂದು ಹೊರಲಕ್ಷಣದಿಂದ ಹೇಳಲಾಗದೆ, ಕುಲದ ಹೆಸರನ್ನಷ್ಟೇ ಬರೆದು ಶೀಶೆಯ ಮುಚ್ಚಳ ಹಾಕುತ್ತಾರೆ.