ಸೂಪರ್‌ಮ್ಯಾನ್‌ಗೆ ಈ ಕುಳ್ಳನನ್ನು ಗುದ್ದಿ ಓಡಿಸೋಕೆ ಯಾಕಾಗಲ್ಲ?

ವಿಜಯಪುರದ ಓದುಗರೊಬ್ಬರ ಪ್ರಶ್ನೆ: "ಸೂಪರ್‌ಮ್ಯಾನ್ ಗುಡ್ಡಾನ ಎತ್ತತಾನ. ಆ ಟೊಪ್ಪಿಗಿ ಹಾಕ್ಕೊಂಡ ಕುಳ್ಳನ್ನ ಒಂದ ಗುದ್ದಿ ಕಳಸಾಕ ಯಾಕ ಆಗಂಗಿಲ್ರೀ? ಹೆಸರು ಉಲ್ಟಾ ಹೇಳಿಸಿದ್ರ ಅಷ್ಟ ಹೋಗ್ತಾನಂತ. ಇದೆಂಥಾ ಆಟ?"

ನೀವು ಕೇಳುತ್ತಿರುವುದು ಸೂಪರ್‌ಮ್ಯಾನ್‌ಗೆ ಕಾಟ ಕೊಡುವ ಖಳನಾಯಕ ಮಿಸ್ಟರ್ ಮಿಕ್ಸ್‌ಯೆಜ್‌ಪಿಟ್‌ಲಿಕ್ ಬಗ್ಗೆ. ನಾಲಿಗೆ ತೊಡರಿದರೆ ಬೇಜಾರು ಬೇಡ, ಇಂಗ್ಲಿಷಿನಲ್ಲಿ ಓದುವವರಿಗೂ ಅದೇ ಗತಿ. ಇಂಗ್ಲಿಷಿನಲ್ಲಿ Mxyzptlk ಅಂತ ಎಂಟು ಅಕ್ಷರದ ಹೆಸರು, ಹುಡುಕಿದರೂ ಎ, ಇ, ಐ, ಒ, ಯು ಸಿಗುವುದಿಲ್ಲ. ಹಳೆಯ ಟಿವಿ ಕಾರ್ಟೂನಿನಲ್ಲಿ ಇವನನ್ನೇ 'ಮಿಕ್ಸಿಲ್‌ಪ್ಲಿಕ್' ಅಂತ ಕರೆದಿದ್ದರು. ಅಭಿಮಾನಿಗಳು ಸುಮ್ನೆ 'ಮಿಕ್ಸಿ' ಅಂದುಬಿಡುತ್ತಾರೆ. ನಮಗೂ ಅದೇ ಸಾಕು, ಚಟ್ನಿ ರುಬ್ಬುವ ಮಿಕ್ಸಿ ನೆನಪಾದರೂ ಪರವಾಗಿಲ್ಲ.

ಇವನು ಮೊದಲು ಕಾಣಿಸಿಕೊಂಡದ್ದು 1944ರಲ್ಲಿ, 'ಸೂಪರ್‌ಮ್ಯಾನ್' ಕಾಮಿಕ್ಸಿನ 30ನೇ ಸಂಚಿಕೆಯಲ್ಲಿ. ಕಥೆ ಬರೆದವರು ಜೆರ್ರಿ ಸೀಗೆಲ್, ಚಿತ್ರ ಬಿಡಿಸಿದವರು ಐರಾ ಯಾರ್‌ಬ್ರೋ. ಆಗ ಹೆಸರಿನಲ್ಲಿ ಟಿ ಮೊದಲು, ಪಿ ಆಮೇಲೆ ಇತ್ತು. ಮುಂದೆ ಅವೆರಡು ಅದಲುಬದಲಾದವು. ಎಷ್ಟು ಜನ ಗಮನಿಸಿದರೋ!

ಈಗ ಗುದ್ದಿನ ವಿಷಯ. ಮಿಕ್ಸಿ ಐದನೇ ಆಯಾಮದಿಂದ ಬಂದವನು. ಹಾಗಂದರೆ ಏನು? ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಒಬ್ಬ ಪೈಲ್ವಾನನನ್ನು ಬಿಡಿಸಿ. ಅವನಿಗೆ ಗೊತ್ತಿರುವುದು ಉದ್ದ, ಅಗಲ ಎರಡೇ. ಹಾಳೆಯ ಮೇಲೆ ಅವನೇ ರಾಜ. ಆದರೆ ನೀವು ರಬ್ಬರ್ ತಗೊಂಡು ಅವನ ಗದೆ ಅಳಿಸಿ, ಕೈಯಲ್ಲಿ ಬದನೆಕಾಯಿ ಬಿಡಿಸಿದರೆ? ಪಾಪ, ಅವನು ಯಾರನ್ನು ಹೊಡೆಯಬೇಕು? ನಿಮ್ಮ ಕೈ ಎಲ್ಲಿಂದ ಬಂತು ಅಂತಲೇ ಅವನಿಗೆ ತಿಳಿಯುವುದಿಲ್ಲ. ಮಿಕ್ಸಿಗೆ ನಮ್ಮ ಲೋಕವೇ ಆ ಹಾಳೆ. ವಸ್ತುವಿನ ರೂಪ ಬದಲಿಸುತ್ತಾನೆ, ಜೀವ ಇಲ್ಲದ್ದಕ್ಕೆ ಜೀವ ತುಂಬುತ್ತಾನೆ. ನಮ್ಮ ಕಣ್ಣಿಗೆ ಅದು ಮಾಟ. ಸೂಪರ್‌ಮ್ಯಾನ್‌ಗೆ ಕ್ರಿಪ್ಟೋನೈಟ್ ಕಲ್ಲಿನ ಹಾಗೆ ಮಾಟ ಮಂತ್ರವೂ ಆಗಿಬರುವುದಿಲ್ಲ.

ಅಂದಮೇಲೆ ಉಳಿದ ದಾರಿ ಒಂದೇ, ಅವನ ಕೈಯಿಂದಲೇ ಅವನ ಕೆಲಸ ಕೆಡಿಸುವುದು. ನಮಗೆ ಇದು ಹೊಸದಲ್ಲ, ಅಲ್ವಾ? ಭಸ್ಮಾಸುರನನ್ನು ಯಾರೂ ಕುಸ್ತಿ ಹಿಡಿದು ಗೆಲ್ಲಲಿಲ್ಲ. ಮೋಹಿನಿ ಕುಣಿದಳು, ಅವನೂ ಕುಣಿದ, ತನ್ನ ತಲೆಯ ಮೇಲೆ ತಾನೇ ಕೈ ಇಟ್ಟುಕೊಂಡ. ಮಿಕ್ಸಿಯದೂ ಅದೇ ಲೆಕ್ಕ. ತನ್ನ ಹೆಸರನ್ನು ಅವನೇ ಉಲ್ಟಾ ಹೇಳಬೇಕು. ಸೂಪರ್‌ಮ್ಯಾನ್ ಗಂಟಲು ಹರಿಯುವ ಹಾಗೆ ಕೂಗಿದರೂ ಪ್ರಯೋಜನವಿಲ್ಲ. ಹೇಗಾದರೂ ಮಾತಿಗೆಳೆದು ಬಾಯಿ ಬಿಡಿಸಬೇಕು. ಆಗ ಅವನು ತನ್ನ ಲೋಕಕ್ಕೆ ವಾಪಸ್. ಹಳೆಯ ಕಥೆಗಳ ಪ್ರಕಾರ 90 ದಿನ ಈ ಕಡೆ ತಲೆ ಹಾಕುವಂತಿಲ್ಲ. ನನಗಂತೂ ಗುದ್ದಾಟದ ಕಥೆಗಳಿಗಿಂತ ಇವೇ ಜಾಸ್ತಿ ಇಷ್ಟ. ಗುದ್ದು ಒಂದೇ ಥರ, ಮೋಸ ಪ್ರತಿ ಸಲ ಹೊಸದು.

ಉಲ್ಟಾ ಅಂದರೆ ಕೆ, ಎಲ್, ಟಿ, ಪಿ, ಝಡ್, ವೈ, ಎಕ್ಸ್, ಎಂ. ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ತಿರುಗುತ್ತದೆ. ನಮ್ಮಲ್ಲಿ ಒತ್ತು, ಗುಣಿತ ಸಮೇತ ಇಡೀ ಅಕ್ಷರ ತಿರುಗುತ್ತದೆ. ಹಾಗಾಗಿ 'ಸಮೋಸ' ತಿರುಗಿಸಿದರೂ ಸಮೋಸವೇ. ಈ ಖಳನಾಯಕನ ಹೆಸರು 'ವಿಕಟಕವಿ' ಅಂತಿದ್ದರೆ ಸೂಪರ್‌ಮ್ಯಾನ್‌ಗೆ ಕೆಲಸವೇ ಇರುತ್ತಿರಲಿಲ್ಲ. "ನಾನು ವಿಕಟಕವಿ" ಅಂತ ಪರಿಚಯ ಹೇಳಿಕೊಂಡ ಕೂಡಲೇ ಮಾಯ.

ಇದನ್ನೆಲ್ಲ ಅಕ್ಕನ ಮಗನಿಗೆ ಹೇಳಿದ್ದು ಗೋಲಗುಮ್ಮಟದ ಮೆಟ್ಟಿಲು ಹತ್ತುವಾಗ. ಏಳು ಅಂತಸ್ತು, ಮಾತಿಗೆ ಏನಾದರೂ ಬೇಕಲ್ಲ. ಮೇಲೆ ಪಿಸುಗುಟ್ಟುವ ಮೊಗಸಾಲೆಗೆ ಹೋದವನೇ ಮಿಕ್ಸಿಯ ಪೂರ್ತಿ ಹೆಸರು ಕೂಗಿದ. ಹೆಸರು ಸುತ್ತು ಹೊಡೆದು ಮತ್ತೆ ಮತ್ತೆ ವಾಪಸ್ ಬಂತು.

"ಉಲ್ಟಾ ಬರಲೇ ಇಲ್ಲಲ್ಲ, ಮಾಮಾ" ಅಂತ ಮುಖ ಸಣ್ಣದು ಮಾಡಿಕೊಂಡ. ಸ್ವಲ್ಪ ಯೋಚಿಸಿ, ಗೋಡೆಗೆ ಬಾಯಿ ಹತ್ತಿರ ತಂದು "ಕಿಟಕಿ" ಅಂದ. ಅದು ಮಾತ್ರ ಉಲ್ಟಾ ಬಂತು.