ಗೊರಕಿ ನಿಂತಾಗ ಕಿವಿಗೊಡಿ

ಬೆಟಗೇರಿಯ ಆ ಮನೆಯಲ್ಲಿ ಹಿರಿಮಗನ ಗೊರಕಿ ಎಂದರೆ ಎಲ್ಲರಿಗೂ ನಗೆ. 'ನಿಮ್ಮ ಮನ್ಯಾಗ ಗಿರಣಿ ರಾತ್ರಿನೂ ಬಂದ್ ಆಗಂಗಿಲ್ಲೇನ್ರಿ?' ಎಂದು ಬಂದ ನೆಂಟರು ಕೇಳುವರು. ಮೂವತ್ತೆರಡರ ಅವನಿಗೆ ಡೌನ್ ಸಿಂಡ್ರೋಮ್ ಇದೆ. ಮನೆಯವರ ಕಿರಾಣಿ ಅಂಗಡಿಯಲ್ಲಿ ಬೇಳೆ, ಸಕ್ಕರೆ ಪೊಟ್ಟಣ ಕಟ್ಟುತ್ತಾನೆ. ದಾರದ ಗಂಟು ಅವನೇ ಹಾಕಿದರೆ ಅಪ್ಪನಿಗೆ ಸಮಾಧಾನ. ಎರಡು ವರ್ಷದಿಂದ ಪೊಟ್ಟಣ ಕೈಯಲ್ಲಿದ್ದಂತೆಯೇ ತೂಕಡಿಸತೊಡಗಿದ. ಸಿಟ್ಟು ಹೆಚ್ಚಿತು, ಗಂಟು ಮರೆಯಿತು. 'ಅಂವ ಇರೋದ ಹಂಗರಿ' ಎಂದರು ಅವನ ಅವ್ವ. ನನ್ನ ತಕರಾರು ಈ ಮಾತಿನ ಮೇಲೆಯೇ.

'ಅಕ್ಕಾರ, ಗೊರಕಿ ನಡುನಡುವ ನಿಲ್ಲತದೇನ್ರಿ?' ಎಂದು ಕೇಳಿದೆ. 'ಹೌದ್ರಿ, ಗಪ್ಪನ ನಿಂತಬಿಡ್ತದ. ಆಮ್ಯಾಲೆ ನೀರಾಗ ಮುಳುಗಿ ಎದ್ದವರಂಗ ಉಸಿರು ಎಳಕೋತಾನ.' ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ಕಾಯಿಲೆಯಾದ ಸ್ಲೀಪ್ ಅಪ್ನಿಯಾಕ್ಕೆ ಇದಕ್ಕಿಂತ ಚಂದದ ವಿವರಣೆ ನಾನು ಎಲ್ಲೂ ಓದಿಲ್ಲ.

ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯು ಎಲ್ಲರಿಗೂ ಸಡಿಲಾಗುತ್ತವೆ. ಕೆಲವರಲ್ಲಿ ಉಸಿರಿನ ದಾರಿಯೇ ಮುಚ್ಚಿಕೊಳ್ಳುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿದೊಡನೆ ಮಿದುಳು ಗಾಬರಿಯಿಂದ ಎಬ್ಬಿಸುತ್ತದೆ. ಮಲಗಿದವನಿಗೆ ಅದರ ನೆನಪೂ ಇರುವುದಿಲ್ಲ. ಕನಿಷ್ಠ 10 ಸೆಕೆಂಡ್ ಉಸಿರು ನಿಂತರೆ, ಇಲ್ಲವೇ ತೀರಾ ತಗ್ಗಿದರೆ, ಅದನ್ನು ಒಂದು ಸಲ ಎಂದು ಎಣಿಸುತ್ತಾರೆ. ದೊಡ್ಡವರಲ್ಲಿ ಗಂಟೆಗೆ ಇಂಥವು 5 ಆದರೆ ಕಾಯಿಲೆ, 30 ಮುಟ್ಟಿದರೆ ತೀವ್ರ. ಮೂವತ್ತು ಎಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಭುಜ ಅಲುಗಾಡಿಸಿದ ಹಾಗೆ, ರಾತ್ರಿಯಿಡೀ. ಅಂಥವನು ಹಗಲು ಮಂಕಾಗದೆ ಇನ್ನೇನಾದಾನು?

ಡೌನ್ ಸಿಂಡ್ರೋಮ್ ಇರುವ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ತೊಂದರೆ ಇರುತ್ತದೆ. 21ನೇ ವರ್ಣತಂತು ಎರಡರ ಬದಲು ಮೂರು ಇರುವುದರಿಂದ ಈ ಸ್ಥಿತಿ ಎಂಬುದು 1959ರಲ್ಲಿ ಗೊತ್ತಾಯಿತು. ಆ ಹೆಚ್ಚುವರಿ ವರ್ಣತಂತು ಮುಖದ ನಡುಭಾಗವನ್ನೂ ದವಡೆಯನ್ನೂ ಸಣ್ಣದಾಗಿಸುತ್ತದೆ. ನಾಲಿಗೆ ದೊಡ್ಡದು ಎನ್ನುವುದು ರೂಢಿಯ ಮಾತು, ನಿಜಕ್ಕೆ ಬಾಯಿ ಸಣ್ಣದು. ಸಾಮಾನು ಎಲ್ಲರ ಮನೆಯಷ್ಟೇ, ಆದರೆ ಮನೆ ಎರಡೇ ಅಂಕಣದ್ದು. ಜೊತೆಗೆ ಸ್ನಾಯುಗಳ ಬಿಗಿ ಹುಟ್ಟಿನಿಂದಲೇ ಕಡಿಮೆ. ಥೈರಾಯ್ಡ್ ಮಂದವಾಗುವುದು, ತೂಕ ಏರುವುದು ಇವರಲ್ಲಿ ಸಾಮಾನ್ಯ. ಎಲ್ಲವೂ ಒಂದೇ ಇಕ್ಕಟ್ಟಿನ ದಾರಿಗೆ ಬಂದು ಕೂಡುತ್ತವೆ.

ಇವರಲ್ಲಿ ಕೆಲವರು ಚಕ್ಕಂಬಕ್ಕಳ ಹಾಕಿ, ಮುಂದಕ್ಕೆ ಬಾಗಿ, ಹಾಸಿಗೆಗೆ ಹಣೆ ಹಚ್ಚಿ ಮಲಗುತ್ತಾರೆ. ಮನೆಯವರಿಗೆ ಅದೊಂದು ವಿಚಿತ್ರ ಚಟ. ಹಾಗೆ ಬಾಗಿದಾಗ ನಾಲಿಗೆ ಮುಂದೆ ಬಿದ್ದು ಗಂಟಲು ತೆರೆಯುತ್ತದೆ. ಮೈ ತನ್ನ ಔಷಧ ತಾನೇ ಹುಡುಕಿಕೊಂಡಿರುತ್ತದೆ.

ಇನ್ನೊಂದು ಗೊಂದಲ ಹೆಚ್ಚು ದುಬಾರಿ. ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಗೆ ಸಂಬಂಧಿಸಿದ ಅಮಿಲಾಯ್ಡ್ ಪ್ರೊಟೀನಿನ ಜೀನ್ ಕೂಡ 21ನೇ ವರ್ಣತಂತುವಿನಲ್ಲೇ ಇದೆ. ನಲವತ್ತರ ಹೊತ್ತಿಗೆ ಡೌನ್ ಸಿಂಡ್ರೋಮ್ ಇರುವ ಬಹುತೇಕರ ಮಿದುಳಿನಲ್ಲಿ ಅದರ ಕಲೆ ಕಾಣುತ್ತದೆ. ಹೀಗಾಗಿ ಮರೆವು ಶುರುವಾದರೆ 'ಅದೇ ಇರಬೇಕು, ಏನೂ ಮಾಡಲಾಗದು' ಎಂದು ಕೈಚೆಲ್ಲುವುದು ಸುಲಭ. ಆದರೆ ಉಸಿರು, ಥೈರಾಯ್ಡ್, ಕಿವಿ, ಖಿನ್ನತೆ ಇವನ್ನೆಲ್ಲ ನೋಡದೆ ಹಾಗೆ ಹೇಳುವುದು ಅವಸರ. ಮೂವತ್ತೆರಡಕ್ಕಂತೂ ತೀರಾ ಅವಸರ.

ಮುಖ್ಯ ಚಿಕಿತ್ಸೆ ಸಿಪ್ಯಾಪ್ ಯಂತ್ರ. 1981ರಲ್ಲಿ ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲ್ಲಿವನ್ ಇದನ್ನು ಲೋಕಕ್ಕೆ ತಿಳಿಸಿದರು. ಆಕ್ಸಿಜನ್ ಸಿಲಿಂಡರ್ ಬೇರೆ, ಇದು ಬೇರೆ. ಕೋಣೆಯ ಗಾಳಿಯನ್ನೇ ಒತ್ತಡದಿಂದ ಒಳಗೆ ಕಳಿಸಿ ಗಂಟಲು ಕುಸಿಯದಂತೆ ಹಿಡಿಯುತ್ತದೆ. ಎಷ್ಟು ಒತ್ತಡ ಬೇಕೆಂಬುದನ್ನು ನಿದ್ದೆಯ ಪರೀಕ್ಷೆಯ ನಂತರ ವೈದ್ಯರು ಹೊಂದಿಸುತ್ತಾರೆ. ಪರೀಕ್ಷೆಗೆ ಹುಬ್ಬಳ್ಳಿಗೆ ಹೋಗುವಾಗ ಮೊಬೈಲಿನಲ್ಲಿ ಗೊರಕಿ ನಿಂತು ಶುರುವಾಗುವ ಎರಡು ನಿಮಿಷದ ವಿಡಿಯೋ ಮಾಡಿಕೊಂಡು ಹೋದರೆ ವೈದ್ಯರಿಗೆ ಬಿಡಿಸಿ ಹೇಳುವ ಶ್ರಮ ಅರ್ಧ ಉಳಿಯುತ್ತದೆ.

ಕಷ್ಟವೆಲ್ಲ ಮಾಸ್ಕಿನದು. ಮೂಗಿನ ಸೇತುವೆ ಚಪ್ಪಟೆ ಇದ್ದರೆ ಗಾಳಿ ಕಣ್ಣಿಗೆ ಸೋರುತ್ತದೆ. ಎರಡು ಮೂರು ಬಗೆ ಹಾಕಿ ನೋಡಬೇಕು. ಆ ಮನೆಯಲ್ಲಿ ಮೊದಲ ವಾರ ಯಂತ್ರವನ್ನು ಹಚ್ಚಲೇ ಇಲ್ಲ. ಸಂಜೆ ಟಿವಿ ಮುಂದೆ ಬರೀ ಮಾಸ್ಕ್, ಐದು ನಿಮಿಷ. ಅವನ ಹಟಕ್ಕೆ ಅಪ್ಪನೂ ಒಮ್ಮೆ ಹಾಕಿಕೊಂಡು ಕುಳಿತರು. ಆಮೇಲೆ ಹತ್ತು ನಿಮಿಷ, ಗಾಳಿ ಸಣ್ಣಗೆ, ಆಮೇಲೆ ಹಾಸಿಗೆಯಲ್ಲಿ. ಕರೆಂಟ್ ಹೋದರೆ ಗತಿಯೇನೆಂದು ಇನ್ವರ್ಟರ್‌ಗೆ ತಂತಿ ಎಳೆದದ್ದೂ ಈ ಚಿಕಿತ್ಸೆಯ ಭಾಗವೇ.

ಮಾಸ್ಕ್ ಒಗ್ಗದಿದ್ದರೆ ಬೇರೆ ದಾರಿಗಳಿವೆ. ಕೆಲವರಿಗೆ ಟಾನ್ಸಿಲ್ ತೆಗೆಯಬೇಕಾಗಬಹುದು. ಆಗ ಇವರ ಕುತ್ತಿಗೆಯ ಮೇಲ್ತುದಿಯ ಮೂಳೆಗಳ ಕೀಲು ಸಡಿಲ ಇರಬಹುದೆಂಬುದನ್ನು ಅರಿವಳಿಕೆ ವೈದ್ಯರಿಗೆ ನೆನಪಿಸಬೇಕು. ಎದೆಯ ಚರ್ಮದಡಿ ಕೂಡಿಸಿ ನಾಲಿಗೆಯ ನರವನ್ನು ತಟ್ಟಿ ಎಬ್ಬಿಸುವ ಸಾಧನವೂ ಇದೆ. ಡೌನ್ ಸಿಂಡ್ರೋಮ್ ಇರುವ, 13 ದಾಟಿದ ಮಕ್ಕಳಿಗೆ ಅಮೆರಿಕದಲ್ಲಿ 2023ರಲ್ಲಿ ಅದಕ್ಕೆ ಅನುಮತಿ ಸಿಕ್ಕಿತು, ಬೆಲೆಯಂತೂ ಕೇಳಬೇಡಿ. ಸಿಟ್ಟು ಜಾಸ್ತಿ ಎಂದು ನಿದ್ದೆ ಗುಳಿಗೆ ಕೊಡುವುದು ಮಾತ್ರ ಉಲ್ಟಾ ಕೆಲಸ: ಕೆಲವು ಗುಳಿಗೆಗಳು ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ.

ಯಂತ್ರ ಸರಿಯಾಗಿ ಕೂತ ಮೊದಲ ರಾತ್ರಿ ನಿದ್ದೆಗೆಟ್ಟದ್ದು ಅವ್ವ. ಗೊರಕಿ ಕೇಳದೆ ಜೀವ ಹಾರಿ, ಮೂರು ಸಲ ಎದ್ದು ಅವನ ಎದೆಯ ಮೇಲೆ ಕೈಯಿಟ್ಟು ನೋಡಿದರಂತೆ. ಈಗಲೂ ನಸುಕಿನ ನಾಲ್ಕಕ್ಕೆ ಅಂವ ಮಾಸ್ಕ್ ಕಿತ್ತು ದಿಂಬಿನ ಕೆಳಗೆ ಇಡುತ್ತಾನೆ. ಅಲ್ಲಿಯತನಕದ ಐದು ತಾಸು ಸಿಕ್ಕರೂ ಪೊಟ್ಟಣದ ಗಂಟು ಮತ್ತೆ ಬಿಗಿಯಾಗಿ ಕೂರುತ್ತಿದೆ.