ಹಲಗೆಯ ಬೆನ್ನಿಗೂ ಪಾಲಿಶ್ ಬೇಕು

ಕಾರಿನ ಡ್ಯಾಶ್‌ಬೋರ್ಡಿಗೆ ಮರದ ಹಲಗೆ ಮಾಡಿಸಿಕೊಂಡವರು ಪಾಲಿಶಿಗೆಂದು ನನ್ನಲ್ಲಿಗೆ ಬಂದಾಗ ಮೊದಲು ಕೇಳುವುದು ಎಷ್ಟು ಕೈ ಹೊಡೆಯುತ್ತೀರಿ ಎಂದು. ಏಳು ಕೈ ಎಂದರೆ ಅವರಿಗೆ ಸಮಾಧಾನ, ಮೂರು ಕೈ ಎಂದರೆ ಅನುಮಾನ. ಹಲಗೆಯ ಹಿಂಬದಿಗೆ ಏನು ಹಚ್ಚುತ್ತೀರಿ ಎಂದು ಕೇಳಿದವರು ಮಂಗಳೂರಿನಲ್ಲಿ ಇಷ್ಟು ವರ್ಷ ಈ ಕೆಲಸ ಮಾಡಿದ ನನಗೆ ಸಿಕ್ಕಿದ್ದು ಇಬ್ಬರೋ ಮೂವರೋ. ಆದರೆ ಕೆಟ್ಟುಹೋಗಿ ನನ್ನ ಮೇಜಿಗೆ ಬರುವ ಹಲಗೆಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಆ ಹಿಂಬದಿಯಿಂದಲೇ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಬ್ರಹ್ಮಾವರದ ಕಡೆಯ ಹಿರಿಯರೊಬ್ಬರು ತಮ್ಮ ಹಳೆಯ ಜೀಪಿನ ಹಲಗೆಯನ್ನು ಬೈರಾಸಿನಲ್ಲಿ ಸುತ್ತಿಕೊಂಡು ತಂದರು. ಪಶ್ಚಿಮ ಆಫ್ರಿಕಾದ ಜೀಬ್ರಾನೊ ಮರ, ಹೊಂಬಣ್ಣದ ಮೇಲೆ ಕಡುಕಂದು ಗೆರೆಗಳು, ಮುಖ ನೋಡಿಕೊಳ್ಳುವಷ್ಟು ಹೊಳಪು. ಉಕ್ಕಿನ ಸ್ಕೇಲನ್ನು ಅದರ ಮೇಲೆ ಅಡ್ಡಲಾಗಿಟ್ಟರೆ ನಡುವೆ ಒಂದು ನಾಣ್ಯ ನುಸುಳುವಷ್ಟು ಸಂದಿ ಬಿಟ್ಟು ಬೆಳಕು ಹಾಯುತ್ತಿತ್ತು. ಮೀಟರ್ ಕೂರಿಸುವ ತೂತಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ‘ಪಾಲಿಶ್ ಸಾಕಾಗಲಿಲ್ಲ, ಇನ್ನೆರಡು ಕೈ ಹೊಡೆದುಕೊಡಿ’ ಎಂದರು. ಮಗುಚಿ ನೋಡಿದರೆ ಬೆನ್ನು ಬರಿಯ ಮರ. ಆಚಾರಿಯವರು ಹಾಕಿದ ಪೆನ್ಸಿಲ್ ಗುರುತು ಹಾಗೆಯೇ ಉಳಿದಿತ್ತು. ತೋರಿಸಿದೆ. ‘ಅದನ್ನು ಯಾರು ನೋಡುತ್ತಾರೆ ಮಾರಾಯ್ರೆ?’ ಎಂದರು.

ನೋಡುವುದು ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲಿ ತೇವಾಂಶ ಶೇಕಡಾ 85ರ ಆಸುಪಾಸಿನಲ್ಲಿರುತ್ತದೆ. ಅಂಥ ಗಾಳಿಯಲ್ಲಿ ವಾರಗಟ್ಟಲೆ ಇದ್ದ ಬರಿಯ ಮರ ತನ್ನ ಒಣ ತೂಕದ ಸುಮಾರು ಶೇಕಡಾ 17ರಷ್ಟು ನೀರನ್ನು ಹಿಡಿದುಕೊಳ್ಳುತ್ತದೆ. ಗಾಳಿಯ ತೇವಾಂಶ 50ಕ್ಕೆ ಇಳಿದರೆ ಅದೇ ಮರದಲ್ಲಿ ಉಳಿಯುವುದು ಸುಮಾರು 9. ನೀರು ಹಿಡಿದ ಮರ ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಎರಡೂ ಬದಿ ಒಂದೇ ವೇಗದಲ್ಲಿ ಉಬ್ಬಿದರೆ ಹಲಗೆ ಸ್ವಲ್ಪ ಅಗಲವಾಗುತ್ತದೆ, ಅಷ್ಟೇ. ಸ್ಕ್ರೂ ತೂತುಗಳನ್ನು ಉದ್ದುದ್ದ ಕೊರೆದಿದ್ದರೆ ಅದಕ್ಕೂ ಜಾಗ ಸಿಗುತ್ತದೆ. ಮುಂಬದಿಯನ್ನು ಏಳು ಕೈ ಪಾಲಿಶಿನಿಂದ ಮುಚ್ಚಿ ಹಿಂಬದಿಯನ್ನು ತೆರೆದಿಟ್ಟರೆ ಬೆನ್ನು ಮಾತ್ರ ಉಬ್ಬಿ ಮುಖ ಒಳಕ್ಕೆ ತಗ್ಗುತ್ತದೆ, ಬೇಸಿಗೆಯಲ್ಲಿ ಬೆನ್ನು ಒಣಗಿ ಕುಗ್ಗಿ ಹಲಗೆ ಇನ್ನೊಂದು ಕಡೆಗೆ ಎಳೆಯುತ್ತದೆ. ಆಗ ಮುಂಬದಿಗೆ ಇನ್ನೆರಡು ಕೈ ಹೊಡೆದರೆ ಎರಡು ಬದಿಗಳ ನಡುವಿನ ಅಂತರ ಇನ್ನಷ್ಟು ಹೆಚ್ಚುತ್ತದೆಯೇ ಹೊರತು ಹಲಗೆ ನೆಟ್ಟಗಾಗುವುದಿಲ್ಲ.

ಕಾರಿನಲ್ಲಿ ಇದು ಮನೆಯ ಬಾಗಿಲಿಗಿಂತ ಕಠಿಣ. ಏಸಿ ಹಾಕಿದಾಗ ಹಲಗೆಯ ಮುಖಕ್ಕೆ ತಗಲುವುದು ಒಣಗಾಳಿ. ಅದರ ಬೆನ್ನ ಹಿಂದೆಯೇ ತಣ್ಣಗಾದ ಏಸಿ ಕೊಳವೆ ಬೆವರುತ್ತಿರುತ್ತದೆ. ಕಾರನ್ನು ಬಿಸಿಲಿನಲ್ಲಿ ನಿಲ್ಲಿಸಿದರೆ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ದಾಟುವುದೂ ಉಂಟು. ಆದ್ದರಿಂದ ಮುಂಬದಿಗೆ ಯಾವ ಪಾಲಿಶ್ ಎಷ್ಟು ಕೈಯೋ ಹಿಂಬದಿಗೂ ಅದೇ ಪಾಲಿಶ್ ಅಷ್ಟೇ ಕೈ ಎಂಬುದು ನನ್ನ ಕ್ರಮ. ಹೊಳಪು ಬರಿಸುವ ಕೊನೆಯ ಉಜ್ಜಾಟ ಮಾತ್ರ ಹಿಂದಕ್ಕೆ ಬೇಡ. ಮೀಟರ್, ಸ್ವಿಚ್, ಸ್ಕ್ರೂಗಳ ತೂತಿನ ಒಳಗೋಡೆಯನ್ನು ಸಣ್ಣ ಕುಂಚದಿಂದ ಮರೆಯದೆ ಮುಚ್ಚಬೇಕು, ಏಕೆಂದರೆ ಅಲ್ಲಿ ಕತ್ತರಿಸಿದ ನಾರುಗಳ ತುದಿ ತೆರೆದಿರುತ್ತದೆ, ನೀರು ಹೋಗುವುದು ಅಲ್ಲಿಂದಲೇ ಬೇಗ. ಇಷ್ಟಾದರೂ ಯಾವ ಪಾಲಿಶೂ ತೇವವನ್ನು ಪೂರ್ತಿ ತಡೆಯುವುದಿಲ್ಲ, ನಿಧಾನಗೊಳಿಸುತ್ತದೆ ಎಂಬುದನ್ನು ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತೇನೆ. ಗಟ್ಟಿ ಹಲಗೆಯ ಬದಲು ಅರ್ಧ ಮಿಲಿಮೀಟರಿನ ವೆನೀರನ್ನು, ಅಂದರೆ ಮರದ ತೆಳು ಹಾಳೆಯನ್ನು, ಅಲ್ಯೂಮಿನಿಯಂ ತಗಡಿಗೆ ಅಂಟಿಸಿದರೆ ಈ ಚಿಂತೆ ಬಹಳಷ್ಟು ಕಡಿಮೆ.

ಪಾಲಿಶ್ ಯಾವುದು ಎಂಬ ಪ್ರಶ್ನೆಗೆ ನನ್ನ ಉತ್ತರ ಹಾರ್ಡ್‌ನರ್ (ಪಾಲಿಶನ್ನು ಗಟ್ಟಿಯಾಗಿಸುವ ದ್ರವ) ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್, ಅದರಲ್ಲೂ ಅತಿನೇರಳೆ ಕಿರಣ ತಡೆಯುವ ಅಂಶವಿರುವುದು. ಅರಗಿನ ಫ್ರೆಂಚ್ ಪಾಲಿಶ್ ನನಗೆ ಬಹಳ ಇಷ್ಟ, ಆದರೆ ಅದು ಕಾರಿನ ಬಿಸಿಗೆ ಮೆತ್ತಗಾಗುತ್ತದೆ. ದೋಣಿಗೆ ಹಚ್ಚುವ ಗೇರುಬೀಜದ ಸಿಪ್ಪೆಯ ಎಣ್ಣೆ ಸಾಲದೇ ಎಂದು ಮಲ್ಪೆಯ ಕಡೆಯವರು ಕೇಳುವುದುಂಟು. ಅದು ಮರವನ್ನು ಕಪ್ಪಾಗಿಸುತ್ತದೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ, ಕೈ ಸೋಕುವ ಜಾಗಕ್ಕೆ ಸಲ್ಲದು. ಪಡೌಕ್ ಎಂಬ ಕೆಂಪು ಮರದ ಬಣ್ಣ ಮಾತ್ರ ಯಾವ ಪಾಲಿಶ್ ಹೊಡೆದರೂ ವರ್ಷಗಳಲ್ಲಿ ಕಂದಾಗಿಯೇ ಆಗುತ್ತದೆ.

ಬೀಟಿ ಮತ್ತು ಅದರ ಬಳಗದ ಮರಗಳಿಗೆ ಇನ್ನೊಂದು ಎಚ್ಚರಿಕೆ ಅಗತ್ಯ. ಅವುಗಳೊಳಗಿನ ಎಣ್ಣೆಯಂಶ ಪಾಲಿಯೆಸ್ಟರ್ ಪಾಲಿಶ್ ಮತ್ತು ಎಣ್ಣೆ ವಾರ್ನಿಶ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ತಿಂಗಳಾದರೂ ಉಗುರು ಒತ್ತಿದರೆ ಗುರುತು ಬೀಳುತ್ತದೆ. ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಒರೆಸಿದರೆ ಮೊದಲ ಬಟ್ಟೆ ನೇರಳೆ ಮಿಶ್ರಿತ ಕಂದಾಗುತ್ತದೆ. ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿ, ಎಣ್ಣೆ ಮತ್ತೆ ಮೇಲೆ ಬರುವ ಮೊದಲು, ತಡಮಾಡದೆ ಸೀಲರ್ (ಪಾಲಿಶಿನ ಅಡಿಗೆ ಮರವನ್ನು ಮುಚ್ಚುವ ಪದರ) ಹೊಡೆಯಬೇಕು. ಅದೇ ಮರದ ಚೂರೊಂದರಲ್ಲಿ ಮೊದಲು ಪರೀಕ್ಷಿಸದೆ ನಾನು ಹಲಗೆಗೆ ಕೈ ಹಾಕುವುದಿಲ್ಲ. ಬೀಟಿಯ ಕುಲವಿಡೀ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಯಲ್ಲಿರುವುದರಿಂದ ಮರದ ಕಾಗದಪತ್ರಗಳನ್ನೂ ಕೇಳುತ್ತೇನೆ. ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗಕ್ಕೆ ಎಂಥ ಮರವನ್ನೂ ಕೂರಿಸಬಾರದು.

ಬ್ರಹ್ಮಾವರದವರ ಹಲಗೆಯನ್ನು ಎರಡೂ ಕಡೆ ಗಾಳಿಯಾಡುವಂತೆ ಪಟ್ಟಿಗಳ ಮೇಲಿಟ್ಟು ಮೂರು ತಿಂಗಳು ಒಣಗಿಸಿದೆ. ಮುಕ್ಕಾಲು ಪಾಲು ನೆಟ್ಟಗಾಯಿತು; ಬಿರುಕಿಗೆ ಅಂಟು ತುಂಬಿ, ಹಳೆಯ ಪಾಲಿಶ್ ಕೆತ್ತಿ, ಜನವರಿಯಲ್ಲಿ ಬೆನ್ನಿನಿಂದಲೇ ಕೆಲಸ ಶುರು ಮಾಡಿದೆ. ಮಳೆಗಾಲದಲ್ಲಿ ನಾನು ಪಿಯು ಹೊಡೆಯುವುದಿಲ್ಲ. ಗಾಳಿಯ ನೀರು ಹಾರ್ಡ್‌ನರಿನೊಂದಿಗೆ ಸೇರಿ ಪದರದಲ್ಲಿ ಗುಳ್ಳೆ ಏಳುತ್ತದೆ. ಜೂನ್‌ನಲ್ಲಿ ಹಲಗೆ ತರುವವರು ನವೆಂಬರ್‌ವರೆಗೆ ಕಾಯಬೇಕಾಗುತ್ತದೆ.